ಬಸುರಿಯ ಕೈಯಲ್ಲಿನ ಮಾತ್ರೆ

"ಗೊತ್ತಿಲ್ಲದೆ ನುಂಗಿಬಿಟ್ಟೆ, ಏನಾದರೂ ಆಗುತ್ತಾ?" ಹೆರಿಗೆ ವೈದ್ಯರ ಎದುರು ಕೂತ ಹೆಂಗಸರು ದಿನಬೆಳಗಾದರೆ ಕೇಳುವ ಪ್ರಶ್ನೆ ಇದು. ನೆಗಡಿಗೆ ತಗೊಂಡದ್ದಿರಬಹುದು, ಸೊಂಟನೋವಿಗೆ ಇರಬಹುದು, ಮನೆಯಲ್ಲಿ ಪೂಜೆಯಿದೆಯೆಂದು ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತಂದದ್ದಿರಬಹುದು. ಈ ಪ್ರಶ್ನೆಯ ಬೆನ್ನಿಗೇ ಬಾಯಿಬಿಟ್ಟು ಕೇಳಲಾಗದ ಇನ್ನೊಂದು ಇರುತ್ತದೆ: ನಾಳೆ ಮಗುವಿಗೆ ಹೆಚ್ಚುಕಡಿಮೆಯಾದರೆ ಅದು ನನ್ನಿಂದಲೇ ಆದದ್ದೇ? ಈ ಎರಡನೆಯದಕ್ಕೆ ನಮ್ಮ ಕಡೆ ಸುತ್ತಲಿನವರು ಉತ್ತರ ಸಿದ್ಧಮಾಡಿಕೊಂಡೇ ಇರುತ್ತಾರೆ. ಕೂಸಿನ ತುಟಿ ಸೀಳಿದ್ದರೆ ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿರಬೇಕು. ಗರ್ಭ ನಿಲ್ಲಲಿಲ್ಲವೆಂದರೆ ಪಪ್ಪಾಯಿಯನ್ನೋ ಇನ್ನಾವ ಉಷ್ಣದ ಪದಾರ್ಥವನ್ನೋ ತಿಂದಿರಬೇಕು. ಈಚೆಗೆ ಆ ಪಟ್ಟಿಗೆ ಇಂಗ್ಲಿಷ್ ಔಷಧಿಯೂ ಸೇರಿದೆ. ದೂರು ಹೊರಿಸುವ ಹೆಗಲು ಮಾತ್ರ ಬದಲಾಗಿಲ್ಲ.

ಆದ್ದರಿಂದ ಮೊದಲು ಒಂದು ಲೆಕ್ಕ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಮೂರು ಮಕ್ಕಳಿಗೆ ಗಂಭೀರವೆನ್ನಬಹುದಾದ ಜನ್ಮದೋಷ ಇರುತ್ತದೆ. ಹೃದಯದಲ್ಲಿ ರಂಧ್ರ, ಸೀಳುತುಟಿ, ಬೆನ್ನುಮೂಳೆ ಕೂಡಿಕೊಳ್ಳದಿರುವುದು, ವಕ್ರಪಾದ, ಹೀಗೆ. ತಾಯಿ ಒಂಬತ್ತು ತಿಂಗಳೂ ಒಂದೇ ಒಂದು ಮಾತ್ರೆ ಮುಟ್ಟದಿದ್ದರೂ ಈ ಮೂರು ಇದ್ದೇ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ಗೊತ್ತಾದವುಗಳಲ್ಲಿ ವಂಶವಾಹಿಗಳ ಏರುಪೇರಿದೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿದೆ, ರುಬೆಲ್ಲಾದಂಥ ಸೋಂಕಿದೆ, ಮದ್ಯವಿದೆ. ಸೋದರಮಾವನಿಗೋ ಅತ್ತೆಮಗನಿಗೋ ಕೊಟ್ಟು ಮಾಡುವ ಮದುವೆಗಳೂ ಅಪಾಯವನ್ನು ಒಂದಿಷ್ಟು ಏರಿಸುತ್ತವೆ. ವೈದ್ಯರು ಬರೆದ ಔಷಧಿಗಳ ಪಾಲು ಎಲ್ಲ ಜನ್ಮದೋಷಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ಹಾಗಿದ್ದೂ ಔಷಧಿಯ ಭಯ ಮಿಕ್ಕೆಲ್ಲ ಭಯಗಳಿಗಿಂತ ದೊಡ್ಡದಾಗಿ ಬೆಳೆದಿದೆ. ಅದಕ್ಕೆ ಕಾರಣ ಒಂದು ಔಷಧಿ. ಆ ಭಯ ಎಷ್ಟು ನ್ಯಾಯವಾದದ್ದು, ಎಲ್ಲಿ ಅದು ಅನ್ಯಾಯಕ್ಕೆ ತಿರುಗಿತು ಎನ್ನುವುದನ್ನು ತಿಳಿಯಲು ಎರಡು ಮಾತ್ರೆಗಳ ಚರಿತ್ರೆ ಗೊತ್ತಿರಬೇಕು. ಅಮೆರಿಕದಲ್ಲಿ ಆ ಎರಡನ್ನೂ ಕೈಗೆತ್ತಿಕೊಂಡದ್ದು ಒಂದೇ ಕಂಪನಿ ಎನ್ನುವುದು ವಿಚಿತ್ರ. ಎರಡರ ಮೇಲೂ ದೂರು ಕೊಟ್ಟವರಲ್ಲಿ ಅದೇ ಒಬ್ಬ ವೈದ್ಯನೂ ಇದ್ದ ಎನ್ನುವುದು ಇನ್ನೂ ವಿಚಿತ್ರ.

ಮೊದಲನೆಯದು ಥಾಲಿಡೊಮೈಡ್. ಜರ್ಮನಿಯ ಗ್ರುನೆಂಥಾಲ್ ಕಂಪನಿ 1957ರ ಅಕ್ಟೋಬರಿನಲ್ಲಿ ಕಾಂಟರ್ಗನ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ನಿದ್ದೆಗೆ, ಆತಂಕಕ್ಕೆ, ಬಸುರಿಯರ ವಾಕರಿಕೆಗೆ. ಚೀಟಿಯಿಲ್ಲದೆಯೇ ಸಿಗುತ್ತಿತ್ತು. ಎಷ್ಟು ಮಾತ್ರೆ ನುಂಗಿದರೂ ಜೀವಕ್ಕೆ ಅಪಾಯವಿಲ್ಲ ಎನ್ನುವುದೇ ಅದರ ಜಾಹೀರಾತಾಗಿತ್ತು. ನಲವತ್ತಕ್ಕೂ ಹೆಚ್ಚು ದೇಶಗಳಿಗೆ ಅದು ಹಬ್ಬಿತು. ಆಮೇಲೆ ಕೈಕಾಲುಗಳ ಉದ್ದ ಮೂಳೆಗಳೇ ಇಲ್ಲದೆ, ಹೆಗಲಿಗೇ ಬೆರಳು ಅಂಟಿದಂತೆ ಮಕ್ಕಳು ಹುಟ್ಟತೊಡಗಿದರು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಝ್ ಒಬ್ಬೊಬ್ಬ ತಾಯಿಯನ್ನೂ ಕಂಡು, ಏನೇನು ತಿಂದಿರಿ, ಯಾವ ಔಷಧಿ ತಗೊಂಡಿರಿ ಎಂದು ವಿಚಾರಿಸಿ 1961ರ ನವೆಂಬರಿನಲ್ಲಿ ಕಂಪನಿಗೆ ಎಚ್ಚರಿಕೆ ಕೊಟ್ಟರು. ಅದೇ ತಿಂಗಳ ಕೊನೆಗೆ ಔಷಧಿ ಜರ್ಮನಿಯ ಅಂಗಡಿಗಳಿಂದ ಹೊರಬಿತ್ತು. ಸಿಡ್ನಿಯಲ್ಲಿ ವಿಲಿಯಂ ಮೆಕ್‌ಬ್ರೈಡ್ ಎಂಬ ಪ್ರಸೂತಿ ತಜ್ಞ ತಾನಾಗಿಯೇ ಇದೇ ಸಂಶಯಕ್ಕೆ ಬಂದಿದ್ದ. ಡಿಸೆಂಬರ್ 16ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವನ ಪುಟ್ಟ ಪತ್ರ ಅಚ್ಚಾಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಬಲಿಯಾಗಿದ್ದರು; ಅವರಲ್ಲಿ ಬಹಳ ಮಂದಿ ಮೊದಲ ವರ್ಷ ದಾಟಲಿಲ್ಲ.

ಅಮೆರಿಕ ಮಾತ್ರ ಬಹುಮಟ್ಟಿಗೆ ಪಾರಾಯಿತು. ಅಲ್ಲಿ ಮಾರಾಟದ ಅನುಮತಿ ಕೇಳಿ ಮೆರೆಲ್ ಕಂಪನಿ 1960ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ಕಡತ, ಆಹಾರ ಮತ್ತು ಔಷಧ ಆಡಳಿತಕ್ಕೆ ಆಗಷ್ಟೇ ಸೇರಿದ್ದ ಫ್ರಾನ್ಸೆಸ್ ಕೆಲ್ಸಿ ಅವರ ಮೇಜಿಗೆ ಬಂತು. ಸುಲಭದ ಕೆಲಸವೆಂದು ಹೊಸಬರಿಗೆ ಕೊಟ್ಟ ಕಡತ ಅದು. ಕೆಲ್ಸಿ ಸಹಿ ಹಾಕಲಿಲ್ಲ. ಈ ಔಷಧಿಯಿಂದ ಕೈಕಾಲಿನ ನರಗಳು ಜೋಮುಗಟ್ಟುತ್ತವೆ ಎಂದು ಬ್ರಿಟನ್ನಿನ ವೈದ್ಯನೊಬ್ಬ ಬರೆದದ್ದನ್ನು ಅವರು ಓದಿದ್ದರು. ದೊಡ್ಡವರ ನರಕ್ಕೆ ಹೀಗೆ ಮಾಡುವ ವಸ್ತು ಹೊಟ್ಟೆಯೊಳಗಿನ ಕೂಸಿಗೆ ಏನು ಮಾಡುತ್ತದೆಂದು ತೋರಿಸಿ ಎಂದು ಕೂತರು. ಈ ಹಟಕ್ಕೆ ಅವರಲ್ಲಿ ಆಧಾರವಿತ್ತು. ಮಲೇರಿಯಾ ಔಷಧಿಗಳ ಮೇಲೆ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ದೊಡ್ಡ ಮೊಲದ ದೇಹ ಒಡೆದು ಹಾಕಬಲ್ಲ ಕ್ವಿನೈನನ್ನು ಅದರ ಭ್ರೂಣ ಒಡೆಯಲಾರದು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಕಂಪನಿ ಮತ್ತೆಮತ್ತೆ ಒತ್ತಾಯಿಸಿತು, ಮೇಲಧಿಕಾರಿಗಳಿಗೆ ದೂರು ಹೇಳಿತು. ಜರ್ಮನಿಯಿಂದ ಸುದ್ದಿ ಬರುವವರೆಗೂ ಕಡತ ಅಲ್ಲೇ ಉಳಿಯಿತು. 1962ರಲ್ಲಿ ಅಮೆರಿಕ ತನ್ನ ಔಷಧ ಕಾಯಿದೆಯನ್ನೇ ಬಿಗಿಗೊಳಿಸಿತು.

ಲೆಂಝ್ ಮತ್ತಿತರರು ದಿನಗಳನ್ನು ಲೆಕ್ಕಹಾಕಿದಾಗ ಕಂಡದ್ದು ಮುಖ್ಯವಾದ ಸಂಗತಿ. ಕಡೆಯ ಮುಟ್ಟಿನಿಂದ ಎಣಿಸಿದರೆ 34ನೇ ದಿನಕ್ಕೂ 50ನೇ ದಿನಕ್ಕೂ ನಡುವೆ ನುಂಗಿದವರ ಮಕ್ಕಳಿಗೆ ಮಾತ್ರ ಪೆಟ್ಟು ಬಿದ್ದಿತ್ತು. ಆ ಅವಧಿಯ ಮೊದಲ ದಿನಗಳಲ್ಲಾದರೆ ಕಿವಿಗೆ, ಆಮೇಲೆ ತೋಳಿಗೆ, ಇನ್ನೂ ಆಮೇಲೆ ಕಾಲಿಗೆ. ಐದನೇ ತಿಂಗಳಲ್ಲಿ ದಿನವೂ ನುಂಗಿದ ತಾಯಿಯ ಮಗು ನೆಟ್ಟಗೆ ಹುಟ್ಟಬಹುದಿತ್ತು. ಆ ಹದಿನಾರು ದಿನಗಳ ಒಳಗೆ ಒಂದೇ ಮಾತ್ರೆ ನುಂಗಿದವಳ ಮಗುವಿಗೆ ತೋಳಿಲ್ಲದಿರಬಹುದಿತ್ತು. ಮಾವು ಹೂ ಬಿಟ್ಟ ವಾರದಲ್ಲಿ ಬಂದ ಮಳೆ ಆ ವರ್ಷದ ಫಸಲನ್ನೇ ಕೆಡಿಸುತ್ತದೆ, ಕಾಯಿ ಬಲಿತ ಮೇಲೆ ಬಂದ ಅದೇ ಮಳೆ ಅಷ್ಟು ಕೆಡಿಸದು. ಭ್ರೂಣದ ಅಂಗಗಳ ವಿಷಯವೂ ಹಾಗೆಯೇ. ಗರ್ಭ ಕಟ್ಟಿದ ಮೊದಲೆರಡು ವಾರ ಭ್ರೂಣ ಇನ್ನೂ ಜೀವಕೋಶಗಳ ಮುದ್ದೆ. ಆಗ ದೊಡ್ಡ ಪೆಟ್ಟು ಬಿದ್ದರೆ ಗರ್ಭವೇ ನಿಲ್ಲುವುದಿಲ್ಲ, ಸಣ್ಣದಾದರೆ ಉಳಿದ ಕೋಶಗಳು ಸರಿಪಡಿಸಿಕೊಂಡು ಮುಂದುವರಿಯುತ್ತವೆ. ಮೂರನೇ ವಾರದಿಂದ ಎಂಟನೇ ವಾರದವರೆಗೆ ಹೃದಯ, ಮೆದುಳು, ಕೈಕಾಲು, ಮುಖ ಎಲ್ಲವೂ ರೂಪ ತಳೆಯುವ ಕಾಲ. ಆಮೇಲಿನದು ಬೆಳವಣಿಗೆಯ ಕಾಲ. ಮೆದುಳು, ಮೂತ್ರಪಿಂಡಗಳು ಮಾತ್ರ ಕಡೆಯವರೆಗೂ ನಾಜೂಕಾಗಿಯೇ ಇರುತ್ತವೆ. ಹಾಗಾಗಿ 'ಗೊತ್ತಿಲ್ಲದೆ ನುಂಗಿಬಿಟ್ಟೆ' ಎಂದು ಬಂದವಳಿಗೆ ತಿಳಿದ ವೈದ್ಯರು ಮೊದಲು ಕೇಳುವುದು ಯಾವ ಮಾತ್ರೆ ಎಂದು, ಎರಡನೆಯದಾಗಿ ಯಾವ ತಾರೀಖು ಎಂದು.

ಥಾಲಿಡೊಮೈಡ್ ಹೇಗೆ ತೋಳನ್ನು ತಡೆಯುತ್ತದೆ ಎಂಬುದು ಬಹುಕಾಲ ಬಗೆಹರಿಯಲಿಲ್ಲ. 2010ರಲ್ಲಿ ಜಪಾನಿನ ತಂಡವೊಂದು ಜೀವಕೋಶದೊಳಗಿನ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆಂದು ತೋರಿಸಿತು. ಕೋಶಕ್ಕೆ ಬೇಡವಾದ ಪ್ರೋಟೀನುಗಳನ್ನು ಗುರುತು ಹಾಕಿ ನಾಶಕ್ಕೆ ಕಳಿಸುವ ವ್ಯವಸ್ಥೆಯ ಭಾಗ ಅದು. ಔಷಧಿ ಅಂಟಿಕೊಂಡಾಗ ಅದು ಕೈಕಾಲು ಮೂಡಲು ಬೇಕೇಬೇಕಾದ ಸಾಲ್4 ಎಂಬ ಪ್ರೋಟೀನನ್ನೂ ನಾಶಕ್ಕೆ ತಳ್ಳುತ್ತದೆ ಎಂದು 2018ರಲ್ಲಿ ತಿಳಿಯಿತು. ಇಲಿಗಳ ಸೆರೆಬ್ಲಾನ್ ಕೊಂಚ ಬೇರೆ ಬಗೆಯದು, ಅವುಗಳ ಮರಿಗಳಿಗೆ ಏನೂ ಆಗುವುದಿಲ್ಲ. ಇಲಿಯ ಮೇಲೆ ಮಾತ್ರ ಪರೀಕ್ಷೆ ಮಾಡಿ ಸುರಕ್ಷಿತ ಎಂದಿದ್ದರೆ ಇಂದಿಗೂ ಮೋಸ ಹೋಗುತ್ತಿದ್ದೆವು. ಸೆರೆಬ್ಲಾನಿಗೆ ಅಂಟಿಕೊಳ್ಳುವ ಇದೇ ಗುಣ ಈಗ ಉಪಕಾರಕ್ಕೂ ಬರುತ್ತಿದೆ: ಕುಷ್ಠರೋಗದ ನೋವಿನ ಗಂಟುಗಳಿಗೆ, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಇದೇ ಥಾಲಿಡೊಮೈಡನ್ನು ಕಟ್ಟುನಿಟ್ಟಿನ ನಿಗಾದಲ್ಲಿ ಕೊಡುತ್ತಾರೆ.

ಎರಡನೆಯ ಮಾತ್ರೆಯ ಕಥೆ ಇಷ್ಟು ಪ್ರಸಿದ್ಧವಲ್ಲ. ಮೆರೆಲ್ ಕಂಪನಿ 1956ರಿಂದಲೇ ಬಸುರಿಯರ ವಾಂತಿಗೆಂದು ಬೆಂಡೆಕ್ಟಿನ್ ಎಂಬ ಮಾತ್ರೆ ಮಾರುತ್ತಿತ್ತು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಅದರ ಹೆಸರು ಡೆಬೆಂಡಾಕ್ಸ್. ಅದರಲ್ಲಿದ್ದದ್ದು ಅಲರ್ಜಿಯ ಔಷಧಿಗಳ ಜಾತಿಗೆ ಸೇರಿದ ಡಾಕ್ಸಿಲಮೈನ್, ಬಿ6 ಜೀವಸತ್ವ, ಮೊದಲ ಇಪ್ಪತ್ತು ವರ್ಷ ಡೈಸೈಕ್ಲೊಮಿನ್ ಎಂಬ ಮೂರನೆಯ ಘಟಕ. ಕೋಟಿಗಟ್ಟಲೆ ಹೆಂಗಸರು ಇದನ್ನು ನುಂಗಿದ್ದರು. ಇಷ್ಟು ಜನ ನುಂಗಿದ ಮೇಲೆ, ಏನೂ ಮಾಡದ ಮಾತ್ರೆಯಾದರೂ ಆ ನೂರಕ್ಕೆ ಮೂರರ ಲೆಕ್ಕದಲ್ಲಿ ಲಕ್ಷಾಂತರ ಮಕ್ಕಳು ದೋಷದೊಂದಿಗೆ ಹುಟ್ಟಲೇಬೇಕು. ಅಂಥ ಮಕ್ಕಳ ತಾಯಂದಿರು ಹಿಂದಿರುಗಿ ನೋಡಿದಾಗ ಕಣ್ಣಿಗೆ ಬಿದ್ದದ್ದು ಈ ಮಾತ್ರೆ. ಥಾಲಿಡೊಮೈಡಿನ ಗಾಯ ಹಸಿಯಾಗಿತ್ತು, ಮಾತ್ರೆ ಅದೇ ಕಂಪನಿಯದು. ಮೊಕದ್ದಮೆಗಳು ಸಾವಿರ ದಾಟಿದವು. ಒಂದಾದ ಮೇಲೊಂದು ಅಧ್ಯಯನ ನಡೆಯಿತು; ನುಂಗಿದವರ ಮಕ್ಕಳಲ್ಲಿ ದೋಷ ಹೆಚ್ಚಿಲ್ಲವೆಂಬ ಫಲಿತಾಂಶವೇ ಮತ್ತೆಮತ್ತೆ ಬಂತು. ವಕೀಲರ ಖರ್ಚಿನ ಭಾರಕ್ಕೆ ಕಂಪನಿ 1983ರಲ್ಲಿ ಮಾತ್ರೆಯನ್ನು ಹಿಂತೆಗೆಯಿತು.

ಮುಂದೆ ಆದದ್ದು ಯಾರೂ ಬೇಕೆಂದು ಮಾಡಲಾಗದಂಥ ಪ್ರಯೋಗ. ದೇಶದ ಬಸುರಿಯರು ತುಂಬ ಹೆಚ್ಚಾಗಿ ಬಳಸುತ್ತಿದ್ದ ಔಷಧಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅದೇ ಕಾರಣವಾಗಿದ್ದರೆ ಜನ್ಮದೋಷಗಳ ಪ್ರಮಾಣ ಇಳಿಯಬೇಕಿತ್ತು. ಇಳಿಯಲಿಲ್ಲ. ಏರಿದ್ದು ವಾಂತಿ ತಡೆಯಲಾಗದೆ ಆಸ್ಪತ್ರೆಗೆ ಸೇರಿ ಗ್ಲೂಕೋಸ್ ಹಾಕಿಸಿಕೊಳ್ಳಬೇಕಾದವರ ಸಂಖ್ಯೆ. ಅದು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮೂವತ್ತು ವರ್ಷ ಕಳೆದು 2013ರಲ್ಲಿ ಅದೇ ಡಾಕ್ಸಿಲಮೈನ್ ಮತ್ತು ಬಿ6 ಜೋಡಿಗೆ ಅಮೆರಿಕ ಹೊಸ ಹೆಸರಿನಲ್ಲಿ ಅನುಮತಿ ಕೊಟ್ಟಿತು. ನಮ್ಮ ವೈದ್ಯರು ಬಯಕೆಯ ವಾಂತಿಗೆ ಮೊದಲು ಬರೆಯುವುದೂ ಇದೇ ಜೋಡಿಯನ್ನು.

ಡೆಬೆಂಡಾಕ್ಸ್ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರಲ್ಲಿ ವಿಲಿಯಂ ಮೆಕ್‌ಬ್ರೈಡ್ ಕೂಡ ಇದ್ದ. ಒಮ್ಮೆ ಸರಿಯಾದ ಶಂಕೆಗಾಗಿ ಜಗತ್ತಿನ ಮನ್ನಣೆ ಪಡೆದಿದ್ದವನಿಗೆ ಎರಡನೆಯ ಅಪರಾಧಿ ಸಿಕ್ಕೇ ತೀರಬೇಕಿತ್ತೇನೋ. ಡೈಸೈಕ್ಲೊಮಿನ್ ಮಾಡುವಂಥದೇ ಕೆಲಸ ಮಾಡುವ ಹಯೋಸಿನ್ ಎಂಬ ಔಷಧಿಯಿಂದ ಮೊಲದ ಮರಿಗಳಿಗೆ ಅಂಗದೋಷ ಬರುತ್ತದೆಂದು 1982ರಲ್ಲಿ ಪ್ರಬಂಧ ಪ್ರಕಟಿಸಿದ. ಅದರಲ್ಲಿನ ಅಂಕಿಗಳು ತಾವು ದಾಖಲಿಸಿದವಲ್ಲ ಎಂದು ಅವನ ಕೈಕೆಳಗಿನ ಸಂಶೋಧಕರೇ ದೂರಿದರು. 1993ರಲ್ಲಿ ನ್ಯಾಯಮಂಡಳಿ ವಂಚನೆ ನಡೆದದ್ದು ನಿಜವೆಂದು ತೀರ್ಮಾನಿಸಿ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಯಿತು. ನನಗೆ ಈ ಮನುಷ್ಯನ ಪತನಕ್ಕಿಂತ ದೊಡ್ಡದಾಗಿ ಕಾಣುವುದು ಆ ಮೂವತ್ತು ವರ್ಷಗಳಲ್ಲಿ ಒಳ್ಳೆಯ ಔಷಧಿಯಿದ್ದೂ ಸಿಗದೆ ಅನ್ನನೀರು ಬಿಟ್ಟು ನರಳಿದ ಹೆಂಗಸರು. ಅವರಿಗಾಗಿ ಯಾರೂ ಪರಿಹಾರ ಕೇಳಲಿಲ್ಲ.

ಹೊಸ ಔಷಧಿಗಳ ಪರೀಕ್ಷೆಗೆ ಸಾಮಾನ್ಯವಾಗಿ ಬಸುರಿಯರನ್ನು ಸೇರಿಸುವುದಿಲ್ಲ. ಹಾಗಾಗಿ ತಿಳಿವಳಿಕೆ ಬರುವುದು ಔಷಧಿ ಮಾರುಕಟ್ಟೆಗೆ ಬಂದ ಮೇಲೆ, ಗೊತ್ತಿಲ್ಲದೆ ನುಂಗಿದವರಿಂದ ಮತ್ತು ನುಂಗದೆ ವಿಧಿಯಿಲ್ಲದವರಿಂದ. ಎ, ಬಿ, ಸಿ, ಡಿ, ಎಕ್ಸ್ ಎಂದು ಅಪಾಯದ ದರ್ಜೆ ಸೂಚಿಸುವ ಅಕ್ಷರಗಳನ್ನು ಅಮೆರಿಕ 1979ರಲ್ಲಿ ತಂದಿತ್ತು. ಮನುಷ್ಯರ ಮಾಹಿತಿಯೇ ಇಲ್ಲದ ಔಷಧಿಗಳೆಲ್ಲ 'ಸಿ'ಯಲ್ಲಿ ಗುಂಪುಗೂಡಿ, ಅಕ್ಷರ ನೋಡಿದವರು ಹೆದರಿ, 2015ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಂಕಿಗಳು ಬೆಳೆಯುತ್ತ ಹೇಗೆ ಬದಲಾಗುತ್ತವೆ ಎಂಬುದಕ್ಕೆ ಬೋಟ್ಸ್ವಾನಾದ ಉದಾಹರಣೆ ನೋಡಿ. ಎಚ್‌ಐವಿಗೆ ಡೊಲುಟೆಗ್ರವಿರ್ ಎಂಬ ಹೊಸ ಔಷಧಿ ಬಂದಿತ್ತು. 2018ರಲ್ಲಿ, ಗರ್ಭ ಕಟ್ಟುವಾಗಲೇ ಅದನ್ನು ತಗೊಳ್ಳುತ್ತಿದ್ದ 426 ತಾಯಂದಿರ ಮಕ್ಕಳಲ್ಲಿ ನಾಲ್ವರಿಗೆ ಬೆನ್ನುಮೂಳೆ ಕೂಡಿಕೊಳ್ಳದಿರುವಂಥ ನರನಾಳದ ದೋಷ ಕಂಡಿತು, ಎಂದರೆ ನೂರಕ್ಕೆ ಸುಮಾರು ಒಂದು. ಗಾಬರಿಯಾಗುವ ಸಂಖ್ಯೆಯೇ. ಎಷ್ಟೋ ದೇಶಗಳು ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಅದನ್ನು ನಿಲ್ಲಿಸಿ ಹಳೆಯ, ಹೆಚ್ಚು ಅಡ್ಡಪರಿಣಾಮಗಳ ಔಷಧಿಯನ್ನೇ ಮುಂದುವರಿಸಿದವು. ಆದರೆ ಬೋಟ್ಸ್ವಾನಾದ ದಾದಿಯರು ಹುಟ್ಟಿದ ಪ್ರತಿ ಕೂಸನ್ನೂ ನೋಡಿ ಬರೆಯುತ್ತಲೇ ಹೋದರು. ಮರುವರ್ಷ ಲೆಕ್ಕ 1,683ರಲ್ಲಿ ಐದು. ಇನ್ನೂ ಕೆಲವು ಸಾವಿರ ಹೆರಿಗೆಗಳಾದ ಮೇಲೆ ಬೇರೆ ಔಷಧಿ ತಗೊಂಡವರಿಗೂ ಇವರಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ಭಯ ಹುಸಿಯಾಗದ ಔಷಧಿಗಳೂ ಇವೆ, ಅವನ್ನು ಹೆಸರಿಟ್ಟೇ ಹೇಳಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ಬಸುರಿಯ ಹೊಟ್ಟೆಗೆ ಹೋಗಲೇಬಾರದು. ನುಂಗಿದ ಐದು ಜನರಲ್ಲಿ ಒಬ್ಬಳಿಗಾದರೂ ಮಗುವಿನ ಮೆದುಳು, ಕಿವಿ, ಹೃದಯಕ್ಕೆ ಪೆಟ್ಟು ಬೀಳುವಷ್ಟು ಅದು ಬಲವಾದದ್ದು. ಕಾಲೇಜು ಹುಡುಗಿಯರಿಗೆ ನಮ್ಮಲ್ಲಿ ಅದು ಸಿಗುವ ಸಲೀಸು ನೋಡಿದರೆ ಕಳವಳವಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಬಗೆಯವು ನಡುವಿನ ಮತ್ತು ಕೊನೆಯ ತಿಂಗಳುಗಳಲ್ಲಿ ಮಗುವಿನ ಮೂತ್ರಪಿಂಡವನ್ನು ಕೆಡಿಸುತ್ತವೆ. ಮೂರ್ಛೆರೋಗದ ವಾಲ್‌ಪ್ರೊಯೇಟ್ ತಗೊಂಡವರ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗದೋಷ, ಮೂರ್ನಾಲ್ಕಕ್ಕೆ ಮಾತು, ಕಲಿಕೆ, ನಡವಳಿಕೆಯ ತೊಂದರೆ. ಅದು ಫ್ರಾನ್ಸಿನಲ್ಲಿ ಮಾರಾಟಕ್ಕೆ ಬಂದದ್ದು 1967ರಲ್ಲಿ. ಬೆನ್ನುಹುರಿಯ ದೋಷಕ್ಕೂ ಅದಕ್ಕೂ ನಂಟಿದೆಯೆಂದು ಲಿಯೋನ್ ನಗರದ ವೈದ್ಯರು ಗುರುತಿಸಿದ್ದು 1982ರಲ್ಲಿ.

ವಾಲ್‌ಪ್ರೊಯೇಟ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಅನಾಹುತ ಬೇರೊಂದು. ಮದುವೆಗೆ ಮುಂಚೆ ಹುಡುಗಿಗೆ ಫಿಟ್ಸ್ ಇದ್ದದ್ದನ್ನು ಮುಚ್ಚಿಟ್ಟಿರುತ್ತಾರೆ. ಗಂಡನ ಮನೆಗೆ ಬಂದವಳು ಮಾತ್ರೆಯನ್ನು ಕದ್ದು ನುಂಗಬೇಕು, ಇಲ್ಲವೇ ಬಿಡಬೇಕು. ಬಸುರಾದದ್ದು ಗೊತ್ತಾದ ದಿನ 'ಮಗುವಿಗೆ ಒಳ್ಳೆಯದಲ್ಲ' ಎಂದು ತಾನೇ ನಿಲ್ಲಿಸಿಬಿಡುತ್ತಾಳೆ. ಹಾಗೆ ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಬಿಡದೆ ಬರಬಹುದು. ಬಿದ್ದು ಹೊಟ್ಟೆಗೆ ಏಟಾಗಬಹುದು, ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ತಾಯಿಯ ಜೀವವೇ ಹೋಗಬಹುದು. ಬೇಕಾದದ್ದು ಗರ್ಭಕ್ಕೆ ಮುಂಚೆ ನರರೋಗ ತಜ್ಞರನ್ನು ಕಂಡು ಲ್ಯಾಮೊಟ್ರಿಜಿನ್, ಲೆವೆಟಿರಸೆಟಮ್‌ನಂಥ ಕಡಿಮೆ ಅಪಾಯದ ಔಷಧಿಗೆ ನಿಧಾನವಾಗಿ ಬದಲಾಗುವುದು. ಫಿಟ್ಸ್ ಇರುವ ಹೆಂಗಸರಲ್ಲಿ ಬಹುತೇಕರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1998ರಿಂದ ಇಂಥ ತಾಯಂದಿರ ದಾಖಲೆ ಇಟ್ಟು ಮಕ್ಕಳು ಬೆಳೆಯುವವರೆಗೂ ನೋಡುತ್ತಿದ್ದಾರೆ. ನಮ್ಮ ದೇಶದ ಹೆಣ್ಣುಮಕ್ಕಳ ಬಗ್ಗೆ ನಮ್ಮದೇ ಅಂಕಿ ಸಿಕ್ಕಿದ್ದು ಅಲ್ಲಿಂದ. ಥೈರಾಯ್ಡ್ ಮಾತ್ರೆ, ಉಬ್ಬಸದ ಪಂಪು, ಇನ್ಸುಲಿನ್ ಇವುಗಳಿಗೂ ಇದೇ ಮಾತು. ಅವನ್ನು ತಗೊಳ್ಳುವುದಕ್ಕಿಂತ ಬಿಡುವುದರಲ್ಲಿ ಮಗುವಿಗೆ ಹೆಚ್ಚು ಕೇಡಿದೆ.

ದಿನನಿತ್ಯದ ನೋವಿನ ಮಾತ್ರೆಗಳದು ಬೇರೆ ತಕರಾರು. ಐಬುಪ್ರೊಫೇನ್, ಡೈಕ್ಲೊಫಿನಾಕ್ ಜಾತಿಯವು ಇಪ್ಪತ್ತನೇ ವಾರದ ನಂತರ ಮಗುವಿನ ಮೂತ್ರವನ್ನು ತಗ್ಗಿಸುತ್ತವೆ. ಗರ್ಭದ ನೀರು ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ ನೀರು ಬತ್ತುತ್ತದೆ. ಮೂವತ್ತನೇ ವಾರದ ಮೇಲೆ, ಹುಟ್ಟಿದ ಬಳಿಕ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವನ್ನು ಹೊಟ್ಟೆಯೊಳಗೇ ಮುಚ್ಚಿಸಬಹುದು. ಆದರೆ ಬಸುರಿನಂಜು ತಡೆಯಲು ವೈದ್ಯರು ಬರೆಯುವ ಕಡಿಮೆ ಪ್ರಮಾಣದ ಆಸ್ಪಿರಿನ್ ಉಪಕಾರಿ, ಅದನ್ನು ಹೆದರಿ ಬಿಡಬಾರದು. ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಲ್ಲಿ ಕೊಡುವ ಪಟ್ಟಿಯನ್ನು ಮಾತ್ರ ತಿರುಗಿಸಿ ಓದಬೇಕು. ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೊಫಿನಾಕನ್ನೋ ನಿಮೆಸುಲೈಡನ್ನೋ ಬೆರೆಸಿದ ಮಾತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಪ್ಯಾರಾಸಿಟಮಾಲ್‌ನಿಂದ ಆಟಿಸಂ ಬರುತ್ತದೆಂಬ ಮಾತು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಬಾಯಿಂದಲೇ ಬಂದು ವಾಟ್ಸ್ಯಾಪಿನಲ್ಲಿ ನಮ್ಮ ಊರುಗಳಿಗೂ ತಲುಪಿತು. ಕೆಲವು ಅಧ್ಯಯನಗಳಲ್ಲಿ ಸಣ್ಣ ನಂಟು ಕಂಡದ್ದು ನಿಜ. ಆದರೆ ಪ್ಯಾರಾಸಿಟಮಾಲ್ ನುಂಗುವವರು ಸುಮ್ಮನೆ ನುಂಗುವುದಿಲ್ಲ. ಜ್ವರ, ಸೋಂಕು, ಅರೆತಲೆನೋವು ಇದ್ದವರು ನುಂಗುತ್ತಾರೆ. ತೊಂದರೆ ಕಾಯಿಲೆಯದೋ ಮಾತ್ರೆಯದೋ, ವಂಶದ್ದೋ? ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ಹಿಡಿದು, ಒಂದೇ ತಾಯಿಯ ಮಕ್ಕಳಲ್ಲಿ ಮಾತ್ರೆ ತಗೊಂಡಾಗಿನ ಬಸುರನ್ನೂ ತಗೊಳ್ಳದ ಬಸುರನ್ನೂ ಹೋಲಿಸಿದರು. 2024ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ನಂಟು ಮಾಯವಾಗಿತ್ತು. ಇತ್ತ ಮೊದಲ ವಾರಗಳಲ್ಲಿ ಇಳಿಸದೆ ಬಿಟ್ಟ ಜೋರು ಜ್ವರಕ್ಕೂ ನರನಾಳದ ದೋಷಕ್ಕೂ ನಂಟಿದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಜ್ವರದಿಂದ ಸುಡುತ್ತ ಮಾತ್ರೆ ಬೇಡವೆಂದು ಹಲ್ಲು ಕಚ್ಚಿ ಮಲಗಿದವಳಿಗೆ ಯಾವ ಲಾಭವೂ ಇಲ್ಲ.

ಇಷ್ಟೆಲ್ಲದರ ನಡುವೆ, ಜನ್ಮದೋಷವನ್ನು ತಡೆಯುವ ಮಾತ್ರೆಯೊಂದಿದೆ ಎನ್ನುವುದು ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಒಮ್ಮೆ ನರನಾಳದ ದೋಷದ ಮಗು ಹುಟ್ಟಿದ್ದ ತಾಯಂದಿರಿಗೆ ಫೋಲಿಕ್ ಆಮ್ಲ ಕೊಟ್ಟರೆ ಮರುಬಸುರಿನಲ್ಲಿ ಆ ಅಪಾಯ ನೂರಕ್ಕೆ 72ರಷ್ಟು ತಗ್ಗುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆ 1991ರಲ್ಲೇ ತೋರಿಸಿತು. ಭಾರತದಲ್ಲಿ ಪ್ರತಿ ಸಾವಿರ ಹೆರಿಗೆಗೆ ಸುಮಾರು ನಾಲ್ಕು ಮಕ್ಕಳು ಈ ದೋಷದೊಂದಿಗೆ ಹುಟ್ಟುತ್ತಾರೆ. ಮಾತ್ರೆಗೆ ಬೆಲೆ ಏನೂ ಇಲ್ಲವೆನ್ನಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಎಡವಟ್ಟಿರುವುದು ತಾರೀಖಿನಲ್ಲಿ. ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಅಷ್ಟು ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ, ಮಾತ್ರೆ ಕೈಗೆ ಬರುವಾಗ ಎರಡೋ ಮೂರೋ ತಿಂಗಳು ತುಂಬಿರುತ್ತದೆ. ಆಗ ಕೊಡುವ ಕೆಂಪು ಮಾತ್ರೆ ರಕ್ತಹೀನತೆಗೆ ಬೇಕೇಬೇಕು, ಆದರೆ ಆ ಮಗುವಿನ ಬೆನ್ನುಹುರಿಗೆ ಅದು ತಡವಾಯಿತು. ಫೋಲಿಕ್ ಆಮ್ಲವನ್ನು ಮಗು ಬೇಕೆಂದುಕೊಂಡಾಗಲೇ, ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳ ಮುಂಚೆಯೇ ಶುರುಮಾಡಬೇಕು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಹಿಂದೆ ಇಂಥ ಮಗು ಹುಟ್ಟಿದ್ದರೆ, ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ವೈದ್ಯರು 5 ಮಿಲಿಗ್ರಾಂ ಬರೆಯುತ್ತಾರೆ. ಹೊಸದಾಗಿ ಮದುವೆಯಾದವರ ಮನೆಗೆ ಆಶಾ ಕಾರ್ಯಕರ್ತೆ ಕುಟುಂಬ ಯೋಜನೆಯ ಮಾತಾಡಲು ಹೋಗುತ್ತಾಳೆ. ಆ ದಿನ ಅವಳ ಚೀಲದಲ್ಲಿ ಈ ಮಾತ್ರೆಯ ಪಟ್ಟಿಯೂ ಇರುವಂತೆ ಮಾಡಿದರೆ, ಈಗಿನಂತೆ ಎರಡು ತಿಂಗಳು ತಡವಾಗಿ ಅಲ್ಲ, ಬೇಕಾದ ಹೊತ್ತಿಗೆ ಅದು ಹೊಟ್ಟೆ ಸೇರುತ್ತದೆ.